ನೆಲಮಾಳಿಗೆಯ ಗಾಯಕ

ಸಂಗೀತವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಸಭೆ, ವೇದಿಕೆ, ಪಕ್ಕವಾದ್ಯ, ಮುಂದಿನ ಸಾಲಿನಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುವ ರಸಿಕರು. ಆದರೆ ಲೋಕದಲ್ಲಿ ಹುಟ್ಟಿದ ಹಾಡುಗಳ ಬಹುಭಾಗ ಸಭೆಯನ್ನು ಕಂಡದ್ದಲ್ಲ. ರಾಗಿ ಬೀಸುವಾಗ, ತೊಟ್ಟಿಲು ತೂಗುವಾಗ, ಬಚ್ಚಲೊಲೆಗೆ ಸೌದೆಯೊಡ್ಡುವಾಗ ತನ್ನಷ್ಟಕ್ಕೆ ತಾನೇ ಹುಟ್ಟಿ, ಕೇಳುವವರಿದ್ದರೆ ಅವರ ಕಿವಿಯಲ್ಲಿ ಕ್ಷಣಕಾಲ ನಿಂತು, ಇಲ್ಲದಿದ್ದರೆ ಗಾಳಿಯಲ್ಲಿ ಲಯವಾಗಿ ಹೋದದ್ದು. ಇಂಥ ಹಾಡನ್ನು ಹಿಡಿದಿಡುವ ಯಂತ್ರವೊಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಮಾನ್ಯರ ಮನೆಗೆ ಬಂದಾಗ, ಅದನ್ನು ಅತ್ಯುತ್ಸಾಹದಿಂದ ಕೈಗೆತ್ತಿಕೊಂಡವರಲ್ಲಿ ಕಾಲೇಜಿನ ವಿದ್ಯಾರ್ಥಿಗಳೂ ಇದ್ದರೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವ ವಯಸ್ಸಿನಲ್ಲಿ ಮನುಷ್ಯನಿಗೆ ವಿರಾಮವೂ ವಿರಹವೂ ಹೇರಳವಾಗಿದ್ದು ಹಣವೊಂದು ಮಾತ್ರ ಇರುವುದಿಲ್ಲವೋ ಆ ವಯಸ್ಸಿನವರು ಅವರು.

ಅಂಥವರಲ್ಲೊಬ್ಬನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನ ಹೆಸರು ಡೇನಿಯಲ್ ಜಾನ್‌ಸ್ಟನ್. 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಅಮೆರಿಕದ ಪಶ್ಚಿಮ ವರ್ಜೀನಿಯಾ ಪ್ರಾಂತದ ನ್ಯೂ ಕಂಬರ್ಲೆಂಡ್ ಎಂಬ ಸಣ್ಣ ಊರಿನಲ್ಲಿ, ಐದು ಮಕ್ಕಳಲ್ಲಿ ಕಿರಿಯವನಾಗಿ, ದೈವಭೀರುಗಳಾದ ತಂದೆತಾಯಿಗಳ ಕಟ್ಟುನಿಟ್ಟಿನಲ್ಲಿ ಬೆಳೆದ ಹುಡುಗ. ಟೆಕ್ಸಸ್ಸಿನ ಕ್ರೈಸ್ತ ವಿಶ್ವವಿದ್ಯಾನಿಲಯವೊಂದಕ್ಕೆ ಸೇರಿ, ಅಲ್ಲಿ ನಿಲ್ಲಲಾರದೆ ಮನೆಗೆ ಮರಳಿ, ಬಳಿಕ ಒಹಾಯೊದ ಈಸ್ಟ್ ಲಿವರ್‌ಪೂಲ್ ಪಟ್ಟಣದಲ್ಲಿದ್ದ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದ ಶಾಖೆಯಲ್ಲಿ ಚಿತ್ರಕಲೆಯ ವಿದ್ಯಾರ್ಥಿಯಾದ. ತರಗತಿಯ ಸಹಪಾಠಿನಿಯೊಬ್ಬಳ ಮೇಲೆ ಅವನ ಮನಸ್ಸು ಹೋಯಿತು. ಆಕೆ ಶವಸಂಸ್ಕಾರದ ವೃತ್ತಿಯವನೊಬ್ಬನನ್ನು ಮದುವೆಯಾದಳು. ಇಷ್ಟೇ ಆಗಿದ್ದರೆ ಯಾವ ಕಾಲೇಜಿನಲ್ಲಿಯೂ ನಡೆಯುವ ಕಥೆ. ಆದರೆ ಈ ಹುಡುಗನ ಮನೆಯ ನೆಲಮಾಳಿಗೆಯಲ್ಲಿ ಒಂದು ಪಿಯಾನೋ ಇತ್ತು, ಅವನ ಬಳಿ 59 ಡಾಲರಿನ ಸ್ಯಾನಿಯೋ ಕಂಪನಿಯ ಟೇಪ್ ರೆಕಾರ್ಡರೂ ಇತ್ತು. 1980-81ರ ಸುಮಾರಿಗೆ ಅವೆರಡನ್ನೂ ಎದುರುಬದುರಾಗಿಟ್ಟುಕೊಂಡು ಅವನು ತನ್ನ ಮೊದಲ ಹಾಡುಗಳ ಸಂಗ್ರಹವನ್ನು ಸಿದ್ಧಪಡಿಸಿದ. ‘ನೋವಿನ ಹಾಡುಗಳು’ ಎಂಬರ್ಥದ ಹೆಸರನ್ನು ಅದಕ್ಕೆ ತಾನೇ ಇಟ್ಟು, ಹೊದಿಕೆಯ ಚಿತ್ರವನ್ನೂ ತಾನೇ ಬರೆದ.

ಆ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿಯದೆ ಈ ಸಂಗೀತದ ಸ್ವಭಾವವನ್ನು ತಿಳಿಯಲಾಗದು. ಹಾಲೆಂಡಿನ ಫಿಲಿಪ್ಸ್ ಕಂಪನಿಯ ಲೂ ಆಟನ್ಸ್ ಎಂಬ ಎಂಜಿನಿಯರ್, ತನ್ನ ಕೋಟಿನ ಜೇಬಿನಲ್ಲಿ ಹಿಡಿಯುವಂಥ ಮರದ ತುಂಡೊಂದನ್ನು ಅಳತೆಗೋಲಾಗಿಟ್ಟುಕೊಂಡು ಯಂತ್ರವನ್ನು ಅದಕ್ಕೆ ತಕ್ಕಂತೆ ಕಿರಿದುಗೊಳಿಸಹೊರಟನೆಂದು ಹೇಳುತ್ತಾರೆ; ಅವನ ತಂಡದ ಕ್ಯಾಸೆಟ್ಟು 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಲೋಕಕ್ಕೆ ಕಾಣಿಸಿಕೊಂಡಿತು. ನಾಲ್ಕು ಮಿಲಿಮೀಟರಿಗೂ ಕಡಮೆ ಅಗಲದ ಪಟ್ಟಿ. ಅದು ಚಲಿಸುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರು. ದೊಡ್ಡ ಧ್ವನಿಮುದ್ರಣ ಶಾಲೆಗಳ ಅಗಲವಾದ ಪಟ್ಟಿಯಾದರೋ ಅದೇ ಒಂದು ಸೆಕೆಂಡಿನಲ್ಲಿ ಸಾಮಾನ್ಯವಾಗಿ 38 ಸೆಂಟಿಮೀಟರು ಓಡುತ್ತಿತ್ತು. ಪಟ್ಟಿಗೆ ಬಳಿದಿರುವ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ಧ್ವನಿಗೆ ಅನುಗುಣವಾಗಿ ಅಯಸ್ಕಾಂತತ್ವವನ್ನು ಪಡೆದುಕೊಳ್ಳುತ್ತವೆಯಾದರೂ, ಧ್ವನಿಯಿಲ್ಲದೆಡೆಯಲ್ಲಿ ಅವು ಅಡ್ಡಾದಿಡ್ಡಿಯಾಗಿ ಬಿದ್ದಿರುವುದರಿಂದ ಒಂದು ಬಗೆಯ ‘ಸ್‌ಸ್‌’ ಎಂಬ ಮರ್ಮರವನ್ನು ಹೊರಡಿಸುತ್ತವೆ. ಪಟ್ಟಿ ಅಗಲವಾಗಿದ್ದು ವೇಗವಾಗಿ ಓಡಿದಷ್ಟೂ ಅಸಂಖ್ಯ ಕಣಗಳ ಸರಾಸರಿಯಲ್ಲಿ ಈ ಮರ್ಮರ ಮುಳುಗಿಹೋಗುತ್ತದೆ. ಕಿರಿದಾದ, ನಿಧಾನಗತಿಯ ಕ್ಯಾಸೆಟ್ಟಿನಲ್ಲಿ ಅದು ಹಾಡಿನೊಡನೆ ಕೊನೆಯವರೆಗೂ ಸಾಗಿಬರುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಅಗ್ಗದ ರೆಕಾರ್ಡರುಗಳಲ್ಲಿ, ಬಳಸುವವನಿಗೆ ತೊಂದರೆಯಾಗದಿರಲೆಂದು, ಧ್ವನಿಯ ಪ್ರಮಾಣವನ್ನು ತಾನಾಗಿಯೇ ಹೆಚ್ಚಿಸಿ ತಗ್ಗಿಸುವ ವ್ಯವಸ್ಥೆಯೊಂದನ್ನು ಇಟ್ಟಿರುತ್ತಿದ್ದರು. ಗಟ್ಟಿಯಾಗಿ ಹಾಡಿದರೆ ಯಂತ್ರ ತನ್ನ ಕಿವಿಯನ್ನು ಕೊಂಚ ಮುಚ್ಚಿಕೊಳ್ಳುತ್ತಿತ್ತು. ಹಾಡು ನಿಂತೊಡನೆ, ಕೇಳಲು ಏನಾದರೂ ದೊರೆಯುವುದೋ ಎಂದು ಪೂರ್ತಿಯಾಗಿ ತೆರೆದುಕೊಳ್ಳುತ್ತಿತ್ತು. ಪರಿಣಾಮವಾಗಿ ಎರಡು ಹಾಡುಗಳ ನಡುವಣ ಮೌನದಲ್ಲಿ ಕುರ್ಚಿಯ ಕಿರುಗುಟ್ಟುವಿಕೆ, ಬಾಗಿಲ ಸದ್ದು, ಮೇಲಂತಸ್ತಿನ ಹೆಜ್ಜೆ, ಎಲ್ಲವೂ ಉಬ್ಬಿ ಬಂದು ಪಟ್ಟಿಯಲ್ಲಿ ಸೇರುತ್ತಿದ್ದುವು. ಡೇನಿಯಲ್ಲನ ಕ್ಯಾಸೆಟ್ಟುಗಳಲ್ಲಿ ಇವುಗಳಿಗಿಂತ ಹೆಚ್ಚಿನದೊಂದು ಇದೆ: ಅವನ ತಾಯಿಯ ಬೈಗುಳ. ಓದಿಲ್ಲ, ಕೆಲಸವಿಲ್ಲ, ದುಡಿಯುವ ಯೋಚನೆಯಿಲ್ಲ ಎಂಬ ಧಾಟಿಯಲ್ಲಿ ಆ ತಾಯಿ ಆಡಿದ ಮಾತುಗಳನ್ನು ಮಗ ಗುಟ್ಟಾಗಿ ಧ್ವನಿಮುದ್ರಿಸಿಕೊಂಡು ತನ್ನ ಹಾಡುಗಳ ನಡುವೆ ಇಟ್ಟುಬಿಟ್ಟ. ಇದು ತುಂಟತನವೆಂದು ಕೆಲವರು, ಕ್ರೌರ್ಯವೆಂದು ಕೆಲವರು ಹೇಳಬಹುದು. ನನಗಂತೂ ಇದು ಅವನ ಕಲೆಯ ಮರ್ಮವೆಂದೇ ತೋರುತ್ತದೆ. ತನ್ನ ಹಾಡು ಯಾವ ಮನೆಯಲ್ಲಿ, ಯಾವ ವಾಗ್ವಾದದ ನಡುವೆ, ಯಾರ ಬೇಸರವನ್ನು ಕೊಂಡುಕೊಂಡು ಹುಟ್ಟಿತೆಂಬುದನ್ನು ಮುಚ್ಚಿಡದೆ ಕೇಳುಗನ ಮುಂದಿಟ್ಟ ಗಾಯಕರು ಹೆಚ್ಚಾಗಿಲ್ಲ.

ಅವನ ಹಾಡುಗಳ ವಸ್ತುಗಳಾದರೂ ಎಂಥವು! ಕಿಂಗ್ ಕಾಂಗ್ ಎಂಬ ಮಹಾವಾನರನ ಚಲನಚಿತ್ರವನ್ನು ನೋಡಿದ ಈತ, ಆ ಕಥೆಯನ್ನು ಆದ್ಯಂತವಾಗಿ, ಯಾವ ವಾದ್ಯದ ನೆರವೂ ಇಲ್ಲದೆ, ಬರಿಗಂಟಲಿನಲ್ಲಿ ಹಾಡಿ ಆ ವಾನರನಿಗಾಗಿ ಮರುಗುತ್ತಾನೆ. ಟೆಕ್ಸಸ್ಸಿನ ಐಸ್‌ಕ್ರೀಮಿನ ಹೊದಿಕೆಯೊಂದರ ಮೇಲೆ ಹುಡುಗಿಯೊಬ್ಬಳು ಹಸುವನ್ನು ಹಿಡಿದು ನಡೆಸಿಕೊಂಡು ಹೋಗುವ ಚಿತ್ರವಿತ್ತು. ಅದರ ಮೇಲೆ ಬಿದ್ದ ಕಣ್ಣು ಅವನ ಅತಿಪ್ರಸಿದ್ಧ ಗೀತೆಗಳಲ್ಲೊಂದಕ್ಕೆ ಕಾರಣವಾಯಿತು. ಮಕ್ಕಳ ಚಿತ್ರಕಥೆಯ ಸಾಧುಭೂತ, ಬೀಟಲ್ಸ್ ಗಾಯಕರು, ಓಡುವ ಮೋಟಾರ್ ಸೈಕಲ್ಲು, ಇವೆಲ್ಲ ಅವನ ಲೋಕದಲ್ಲಿ ಪ್ರೇಮದಷ್ಟೇ, ದೇವರಷ್ಟೇ ಗಂಭೀರವಾದ ವಿಷಯಗಳು. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಮೊದಲಾದ ಲಲಿತ ಪ್ರಬಂಧಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಇದರಲ್ಲಿ ವಿಚಿತ್ರವೇನೂ ತೋರಬೇಕಾಗಿಲ್ಲ. ಮಹಾವಿಷಯದ ಹಂಗಿಲ್ಲದೆ, ಕಣ್ಣಿಗೆ ಬಿದ್ದ ಅಲ್ಪವಸ್ತುವಿನ ಸುತ್ತ ಮನಸ್ಸನ್ನು ಸ್ವೇಚ್ಛೆಯಾಗಿ ಅಲೆಯಬಿಟ್ಟು, ಆ ಅಲೆದಾಟದಲ್ಲಿಯೇ ತನ್ನ ಅಂತರಂಗವನ್ನು ಅರಿವಿಲ್ಲದಂತೆ ತೆರೆದಿಡುವುದು ಪ್ರಬಂಧಕಾರನ ಮಾರ್ಗವಷ್ಟೆ. ಡೇನಿಯಲ್ ಅದನ್ನೇ ಪಿಯಾನೋದ ಮುಂದೆ ಕುಳಿತು ಮಾಡಿದ. ಶ್ರುತಿ ಅಲ್ಲಲ್ಲಿ ಜಾರುತ್ತದೆ, ತಾಳ ಅವಸರಿಸುತ್ತದೆ, ಹೆಣ್ಣು ಕಂಠವೋ ಬಾಲಕನ ಕಂಠವೋ ಎಂಬಂತೆ ಧ್ವನಿ ತೆಳುವಾಗಿ ನಡುಗುತ್ತದೆ. ಸಂಪ್ರದಾಯಜ್ಞರು ಎರಡು ನಿಮಿಷ ಕೇಳಿ ಎದ್ದುಹೋದರೆ ಅವರನ್ನು ದೂಷಿಸುವಂತಿಲ್ಲ.

ಹಾಡು ಸಿದ್ಧವಾದ ಮೇಲೆ ಅದನ್ನು ಹಂಚುವ ಬಗೆ ಹೇಗೆ? ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸುವ ಸಲಕರಣೆ ಮೊದಮೊದಲು ಅವನಲ್ಲಿರಲಿಲ್ಲ. ಆದುದರಿಂದ ಯಾರಾದರೂ ಸ್ನೇಹಿತರು ತಮಗೊಂದು ಬೇಕೆಂದು ಕೇಳಿದರೆ, ಈ ಮಹಾನುಭಾವ ಮತ್ತೆ ಪಿಯಾನೋದ ಮುಂದೆ ಕುಳಿತು ಸಂಗ್ರಹವನ್ನೆಲ್ಲ ಮೊದಲಿನಿಂದ ಹಾಡಿ ಕೊಡುತ್ತಿದ್ದ. ಪ್ರತಿಗಳೆಂಬುವೇ ಇಲ್ಲ, ಎಲ್ಲವೂ ಮೂಲ! ಮುದ್ರಣ ಯಂತ್ರ ಬರುವುದಕ್ಕೆ ಮುಂಚೆ ಓಲೆಗರಿಯ ಮೇಲೆ ಕಾವ್ಯವನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರನ ಶ್ರಮ ಇದಕ್ಕಿಂತ ಕಡಮೆಯದೇ. ಅವನು ಕಾವ್ಯವನ್ನು ಪುನಃ ರಚಿಸಬೇಕಾಗಿರಲಿಲ್ಲವಲ್ಲ.

1983ರಲ್ಲಿ ಅವನು ಟೆಕ್ಸಸ್ಸಿಗೆ, ಅಣ್ಣನ ಮನೆಗೂ ಬಳಿಕ ಅಕ್ಕನ ಮನೆಗೂ, ಹೋಗಿ ಸೇರಿದ. ಅಲ್ಲಿ ಪಿಯಾನೋ ಇರಲಿಲ್ಲ. ಕಾರ್ಡ್ ಆರ್ಗನ್ ಎಂಬ ಸಣ್ಣ ವಾದ್ಯವೊಂದು ದೊರೆಯಿತು; ವಿದ್ಯುತ್ ಪಂಖದ ಗಾಳಿಯಿಂದ ಲೋಹದ ನಾಲಗೆಗಳನ್ನು ಮಿಡಿಸಿ ನುಡಿಯುವ ಇದು ನಮ್ಮ ಹಾರ್ಮೋನಿಯಮ್ಮಿಗೆ ದೂರದ ದಾಯಾದಿ. ‘ನಮಸ್ಕಾರ, ಹೇಗಿದ್ದೀರಿ’ ಎಂಬರ್ಥದ ಹೆಸರಿನ ಸಂಗ್ರಹ ಆ ವರ್ಷದ್ದು; ಅದರ ಹೊದಿಕೆಯ ಮೇಲೆ, ತಲೆಯಿಂದ ಮೇಲಕ್ಕೆ ಹೊರಟ ಕಣ್ಣುಗಳ ಕಪ್ಪೆಯೊಂದನ್ನು ಬರೆದಿದ್ದಾನೆ. ಮುಂದೆ ಆಸ್ಟಿನ್ ನಗರದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರ ಗೃಹವೊಂದರಲ್ಲಿ ಚಾಕರಿ ಮಾಡುತ್ತ, ಬೀದಿಯಲ್ಲಿ ಎದುರಾದವರಿಗೆ ಕ್ಯಾಸೆಟ್ಟು ಕೊಡುತ್ತ ಇದ್ದವನನ್ನು 1985ರಲ್ಲಿ ಎಂಟಿವಿ ವಾಹಿನಿಯ ಕಾರ್ಯಕ್ರಮವೊಂದು ದೇಶಕ್ಕೆ ತೋರಿಸಿತು. 1992ರಲ್ಲಿ ನಿರ್ವಾಣ ಎಂಬ ಪ್ರಸಿದ್ಧ ಸಂಗೀತ ತಂಡದ ಗಾಯಕ ಕರ್ಟ್ ಕೋಬೇನ್ ಆ ಕಪ್ಪೆಯ ಚಿತ್ರವಿದ್ದ ಅಂಗಿ ತೊಟ್ಟು ಕಾಣಿಸಿಕೊಂಡ ಮೇಲಂತೂ ಡೇನಿಯಲ್ಲನ ಹೆಸರು ಲೋಕವಿಖ್ಯಾತವಾಯಿತು. ಆಸ್ಟಿನ್ನಿನ ಗ್ವಾಡಲೂಪ್ ಬೀದಿಯ ಗೋಡೆಯೊಂದರ ಮೇಲೆ 1993ರಲ್ಲಿ ಅವನು ಬರೆದ ಅದೇ ಕಪ್ಪೆಯ ದೊಡ್ಡ ಚಿತ್ರವನ್ನು, ಕಟ್ಟಡ ಕೈಬದಲಾದಾಗ ಊರವರು ಹೋರಾಡಿ ಉಳಿಸಿಕೊಂಡಿದ್ದಾರೆ.

ಕಥೆಯ ಮತ್ತೊಂದು ಮುಖವನ್ನು ಹೇಳದೆ ಬಿಡುವುದು ಅನ್ಯಾಯ. ತಾರುಣ್ಯದಿಂದಲೇ ಅವನನ್ನು ತೀವ್ರವಾದ ಮನೋರೋಗ ಕಾಡುತ್ತಿತ್ತು. ಆಸ್ಪತ್ರೆಗಳಲ್ಲಿ ಅವನ ಎಷ್ಟೋ ಕಾಲ ಕಳೆಯಿತು. ರೋಗವೇ ಪ್ರತಿಭೆಯ ಮೂಲವೆಂದು ಬರೆಯುವವರಿದ್ದಾರೆ. ಅಂಥ ಬರೆಹ ನನಗೆ ಸಮ್ಮತವಲ್ಲ. ರೋಗ ಅವನಿಂದ ವರ್ಷಗಳನ್ನು ಕಸಿದುಕೊಂಡಿತೇ ಹೊರತು ಹಾಡುಗಳನ್ನು ಕೊಡಲಿಲ್ಲ. ಹಾಡು ಕೊಟ್ಟದ್ದು ಅವನ ನಿರಂತರವಾದ ದುಡಿಮೆ. ಬೈದ ತಾಯಿಯೂ ತಂದೆಯೂ ಮುಂದೆ ದೀರ್ಘಕಾಲ ಅವನನ್ನು ತಮ್ಮ ಬಳಿಯಲ್ಲಿಟ್ಟುಕೊಂಡು ಸಲಹಿದರೆಂಬುದನ್ನೂ ಸೇರಿಸಿ ಹೇಳಬೇಕು. 1994ರಲ್ಲಿ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿ ಅವನ ಸಂಗ್ರಹವೊಂದನ್ನು ಉತ್ತಮ ಯಂತ್ರಗಳಲ್ಲಿ ಮುದ್ರಿಸಿ ಹೊರತಂದಿತು. ಅದು ಮಾರಾಟವಾಗಲಿಲ್ಲ, ಕಂಪನಿ ಅವನನ್ನು ಕೈಬಿಟ್ಟಿತು. ಅವನು ತೀರಿಕೊಂಡದ್ದು 2019ರ ಸೆಪ್ಟೆಂಬರಿನಲ್ಲಿ, 58ನೆಯ ವಯಸ್ಸಿನಲ್ಲಿ.

ಮನೆಯಲ್ಲಿ ಮಾಡಿದ ಸಂಗೀತವೆಲ್ಲ ಹೀಗೆ ಒರಟಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ, ಸಾಮಾನ್ಯ ಕ್ಯಾಸೆಟ್ಟಿನ ಪಟ್ಟಿಯನ್ನೇ ನಾಲ್ಕು ಸಾಲುಗಳಾಗಿ ವಿಭಾಗಿಸಿ, ಒಂದರಲ್ಲಿ ಗಿಟಾರನ್ನೂ ಇನ್ನೊಂದರಲ್ಲಿ ಹಾಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮುದ್ರಿಸಿ ಕೂಡಿಸಬಲ್ಲ ಯಂತ್ರವೊಂದನ್ನು ತಂದಿತು. ಒಬ್ಬನೇ ನಾಲ್ವರಾಗುವ ವಿದ್ಯೆ ಮನೆಗೆ ಬಂದಂತಾಯಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಜನಪ್ರಿಯ ಗಾಯಕ ನ್ಯೂ ಜೆರ್ಸಿಯ ತನ್ನ ಬಾಡಿಗೆ ಮನೆಯಲ್ಲಿ ಇಂಥ ಯಂತ್ರದಲ್ಲಿ ಕರಡಿಗೆಂದು ಹಾಡಿಟ್ಟ ಗೀತೆಗಳನ್ನು, ವಾದ್ಯವೃಂದದೊಡನೆ ಮತ್ತೆ ಹಾಡಿ ನೋಡಿ ಅದು ಒಪ್ಪವೆನಿಸದೆ, ಕಡೆಗೆ ಆ ಕರಡು ಕ್ಯಾಸೆಟ್ಟನ್ನೇ ‘ನೆಬ್ರಾಸ್ಕ’ ಎಂಬ ಹೆಸರಿನಿಂದ ಪ್ರಕಟಿಸಿದ. ಗಣಕಯಂತ್ರದ ಕಾಲ ಬಂದಾಗಲೂ ಕಾಲೇಜಿನ ಸಂಬಂಧ ತಪ್ಪಲಿಲ್ಲ. ಇಂದು ಲಕ್ಷಾಂತರ ಜನ ಬಿಟ್ಟಿಯಾಗಿ ಬಳಸುವ ‘ಆಡಾಸಿಟಿ’ ತಂತ್ರಾಂಶವನ್ನು, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡೊಮಿನಿಕ್ ಮಜೋನಿ ಎಂಬ ವಿದ್ಯಾರ್ಥಿಯೂ ರೋಜರ್ ಡ್ಯಾನನ್‌ಬರ್ಗ್ ಎಂಬ ಪ್ರಾಧ್ಯಾಪಕರೂ 1999ರಲ್ಲಿ ಆರಂಭಿಸಿ, ಮರುವರ್ಷ ಲೋಕಕ್ಕೆ ಬಿಡುಗಡೆ ಮಾಡಿದರು. ಬಿಲ್ಲಿ ಐಲಿಶ್ ಎಂಬ ತರುಣಿ ತನ್ನ ಅಣ್ಣನೊಡನೆ ಲಾಸ್ ಏಂಜಲಿಸ್ಸಿನ ಮನೆಯ ಮಲಗುವ ಕೋಣೆಯಲ್ಲಿ ಸಿದ್ಧಪಡಿಸಿದ 2019ರ ಸಂಗ್ರಹ ಮರುವರ್ಷ ಗ್ರ್ಯಾಮಿ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಈಗ ಹಾಸ್ಟೆಲ್ಲಿನ ಹುಡುಗನ ಕೈಯಲ್ಲಿರುವ ಫೋನು, ಡೇನಿಯಲ್ಲನ ಸ್ಯಾನಿಯೋವನ್ನು ಎಲ್ಲ ವಿಧದಲ್ಲಿಯೂ ಮೀರಿಸುತ್ತದೆ. ಶ್ರುತಿಪೆಟ್ಟಿಗೆಯೂ ಅದರೊಳಗೇ, ತಾಳವಾದ್ಯವೂ ಅದರೊಳಗೇ. ಅದು ಫ್ಯಾನಿನ ಸದ್ದನ್ನು ಅಳಿಸುತ್ತದೆ, ಜಾರಿದ ಸ್ವರವನ್ನು ಎತ್ತಿ ಕೂಡಿಸುತ್ತದೆ. ಇಷ್ಟೊಂದು ಉಪಕಾರ ಬೇಕಿತ್ತೇ ಎಂಬುದು ನನ್ನ ಸಂಶಯ. ಯಂತ್ರ ಎಲ್ಲರ ಶ್ರುತಿಯನ್ನೂ ಒಂದೇ ರೀತಿ ತಿದ್ದಿದ ಮೇಲೆ, ಕೇಳಿದೊಡನೆ ಇಂಥವನದೆಂದು ಗುರುತು ಹತ್ತುವ ಕಂಠಗಳು ಕಡಮೆಯಾಗುತ್ತಿವೆ.

ಮನೆಯಿಂದ ಹೊರಟ ದನಿ ನಮಗೇನೂ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ‘ವಿಠ್ಠಲ ವಿಹಾರ’ ಮನೆಯಲ್ಲಿಯೇ 30 ವಾಟಿನ ಪ್ರೇಷಕವೊಂದನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಮನೆಯ ನಿಲಯದಿಂದ. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಮೇಲೆ ಭಾವಗೀತೆ ಮನೆಮನೆಗೆ ಪ್ರವೇಶಿಸಿತಷ್ಟೆ. ಅದರೊಡನೆ ಪ್ರವೇಶಿಸಿದ ಟೇಪ್ ರೆಕಾರ್ಡರಿನಲ್ಲಿ ಖಾಲಿ ಕ್ಯಾಸೆಟ್ಟು ಹಾಕಿ ಅಜ್ಜಿಯ ಸೋಬಾನೆಯನ್ನೂ ಮಗುವಿನ ತೊದಲನ್ನೂ ಹಿಡಿದಿಟ್ಟವರು ಎಷ್ಟು ಜನವೋ! ಕರಾವಳಿಯಲ್ಲಿ ತಾಳಮದ್ದಳೆಯ ಅಭಿಮಾನಿಗಳು ಅರ್ಥಧಾರಿಗಳ ಮುಂದೆ ತಮ್ಮ ತಮ್ಮ ರೆಕಾರ್ಡರುಗಳನ್ನು ಸಾಲಾಗಿಟ್ಟು ಇಡೀ ರಾತ್ರಿಯ ಪ್ರಸಂಗಗಳನ್ನು ತುಂಬಿಸಿಕೊಂಡು ಹೋದರು. ಅಂದು ಅವರು ಹಾಗೆ ಮಾಡದಿದ್ದರೆ, ಆಶುವಾಗಿ ಹುಟ್ಟಿ ಆ ರಾತ್ರಿಯೇ ಮುಗಿಯುತ್ತಿದ್ದ ಆ ವಾಗ್ವೈಭವದಲ್ಲಿ ನಮಗೆ ಉಳಿಯುತ್ತಿದ್ದದ್ದು ಅತ್ಯಲ್ಪ.

ಅಯಸ್ಕಾಂತದ ಪಟ್ಟಿ ಶಾಶ್ವತವಲ್ಲ. ಸೆಖೆಯೂ ತೇವವೂ ಅದರ ಲೇಪವನ್ನು ಸಡಿಲಿಸುತ್ತವೆ, ಬೂಷ್ಟು ಹಿಡಿಸುತ್ತವೆ. ಧ್ವನಿವರ್ಧಕದ ಅಯಸ್ಕಾಂತದ ಪಕ್ಕದಲ್ಲಿಟ್ಟರೆ ಬರೆದದ್ದು ಅಳಿಸಿಯೇ ಹೋಗಬಹುದು. ಆದುದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಅಟ್ಟದ ಮೇಲೆ, ಕಪಾಟಿನ ಮೂಲೆಯಲ್ಲಿ ಹಳೆಯ ಮನೆ-ಕ್ಯಾಸೆಟ್ಟುಗಳಿದ್ದರೆ, ಕೆಲಸ ಮಾಡುವ ಪ್ಲೇಯರೊಂದನ್ನು ಹುಡುಕಿ, ಅದರಲ್ಲಿ ಪಟ್ಟಿಗೆ ತಾಗುವ ‘ಹೆಡ್’ ಎಂಬ ಭಾಗವನ್ನು ಒರೆಸಿ, ಇಯರ್‌ಫೋನಿನ ರಂಧ್ರದಿಂದ ಗಣಕಯಂತ್ರಕ್ಕೆ ತಂತಿ ಜೋಡಿಸಿ, ಈ ಬೇಸಿಗೆಯ ರಜೆಯಲ್ಲಿಯೇ ಅವನ್ನು ಇಳಿಸಿಕೊಳ್ಳಿ. ಮನೆಯ ಕಾಲೇಜು ಹುಡುಗರಿಗೆ ಈ ಕೆಲಸ ಬಲು ಸುಲಭ. ನಡುವೆ ಬರುವ ಕೆಮ್ಮನ್ನೂ ಮಾತನ್ನೂ ಕತ್ತರಿಸಬೇಡಿ. ಇಳಿಸಿಕೊಂಡದ್ದನ್ನು ‘ಕಂಪ್ರೆಸ್’ ಮಾಡಿ ಕಿರಿದುಗೊಳಿಸದೆ ಎರಡು ಕಡೆಗಳಲ್ಲಿ ಇಟ್ಟು, ಅದು ಯಾರ ಕಂಠ, ಯಾವ ಊರು, ಯಾವ ವರ್ಷ ಎಂಬುದನ್ನು ತಿಳಿದವರು ಇನ್ನೂ ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿ.