ನೀರು ಅಲ್ಲಿ, ಗದ್ದೆ ಇಲ್ಲಿ: ಮೊಬೈಲಿಗೆ ಹರಿದುಬರುವ ಆಟದ ಬಗೆ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ನೆರೆಯ ದಿಂಡಿಗಲ್ ಸೀಮೆಯಲ್ಲಿಯೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಕುಟುಂಬಗಳಿವೆ. ಒಕ್ಕಲಿಗ ಕಪ್ಪಿಲಿಯರು, ಅನುಪ್ಪರು, ದೇವಾಂಗರು ಮುಂತಾದ ಸಮುದಾಯಗಳವರು ಅವರಲ್ಲಿ ಸೇರಿದ್ದಾರೆ. ಅವರ ಶಾಲೆಯ ಓದುಬರಹ ಬಹುಮಟ್ಟಿಗೆ ತಮಿಳಿನಲ್ಲಿ, ಕೈಯಲ್ಲಿರುವ ಯಂತ್ರದ ಪರದೆಯ ಬರಹ ಇಂಗ್ಲಿಷಿನಲ್ಲಿ, ಒಲೆಯ ಬಳಿಯ ಮಾತು ಕನ್ನಡದಲ್ಲಿ. ಇಂಥ ಮನೆಯೊಂದರಲ್ಲಿ ಹಜಾರದ ಟಿವಿಯ ಪಕ್ಕದಲ್ಲಿರುವ ಕನ್ಸೋಲಿನ ಆಟವನ್ನು ಮೊಮ್ಮಗನು ಒಳಕೋಣೆಯಲ್ಲಿ ಕುಳಿತು ಫೋನಿನಲ್ಲಿ ಆಡುತ್ತಿದ್ದಾನೆ ಎನ್ನೋಣ. "ಆಟ ಇರೋದು ಪೆಟ್ಟಿಗೇಲೋ, ಫೋನಲ್ಲೋ?" ಎಂದು ಅಜ್ಜಿ ಕೇಳಿದರೆ ಅವನು ಕೊಡಬೇಕಾದ ಉತ್ತರ ಕನ್ನಡದಲ್ಲಿಯೇ ಇರಬೇಕು. ಆ ಉತ್ತರವನ್ನು ಹೇಳಲು ಬೇಕಾದ ಮಾತು ನಮ್ಮಲ್ಲಿದೆಯೇ ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಕಣಿವೆಯ ನೀರಾವರಿಯೇ ಇದಕ್ಕೆ ಒಳ್ಳೆಯ ಹೋಲಿಕೆಯನ್ನು ಒದಗಿಸುತ್ತದೆ.

ಹರಿವು ಎಂದರೇನು?

'ಸ್ಟ್ರೀಮ್' ಎಂಬ ಇಂಗ್ಲಿಷ್ ಪದಕ್ಕೆ ತೊರೆ, ಹರಿವು ಎಂಬುದು ಮೂಲಾರ್ಥ. ಕಂಬಂ ಕಣಿವೆಯವರಿಗೆ ಹರಿವಿನ ವಿಷಯದಲ್ಲಿ ಪಾಠ ಹೇಳಬೇಕಾದ ಅಗತ್ಯವಿಲ್ಲ. ಪಶ್ಚಿಮಕ್ಕೆ ಹರಿಯುವ ಪೆರಿಯಾರ್ ನದಿಗೆ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಕಟ್ಟಿದ ಅಣೆಕಟ್ಟು 1895ರಲ್ಲಿ ಪೂರ್ಣವಾಯಿತು. ಅಂದಿನಿಂದ ಘಟ್ಟದ ಆಚೆಗಿರುವ ನೀರು ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಈಚೆಗೆ ಬಂದು, ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರುಗಳ ಗದ್ದೆಗಳನ್ನು ತಣಿಸಿ, ಮುಂದೆ ವೈಗೈ ನದಿಯನ್ನು ಸೇರುತ್ತಿದೆ. ಜಲಾಶಯ ಇರುವುದು ಇಂದಿನ ಕೇರಳದಲ್ಲಿ. ಬೆಳೆ ಬರುವುದು ತಮಿಳುನಾಡಿನಲ್ಲಿ. ಗದ್ದೆಯವನು ಜಲಾಶಯವನ್ನು ತನ್ನ ಹೊಲಕ್ಕೆ ತಂದುಕೊಂಡಿಲ್ಲ. ಅದರ ಹರಿವನ್ನು ಮಾತ್ರ ಪಡೆದಿದ್ದಾನೆ.

ಆಟದ ಹರಿವೂ ಹೀಗೆಯೇ. ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಕನ್ಸೋಲಿನಲ್ಲಿ 'ರಿಮೋಟ್ ಪ್ಲೇ' ಎಂಬ ಸೌಲಭ್ಯವಿದೆ. ಅದನ್ನು ಬಳಸಿದಾಗ ಆಟವು ಫೋನಿಗೆ ಬಂದು ನೆಲೆಸುವುದಿಲ್ಲ. ಆಟದ ಲೆಕ್ಕಾಚಾರವೆಲ್ಲ ನಡೆಯುವುದು ಕನ್ಸೋಲಿನೊಳಗೆ: ಚೆಂಡು ಎಲ್ಲಿ ಪುಟಿಯಬೇಕು, ಎದುರಾಳಿ ಯಾವ ಕಡೆಗೆ ಓಡಬೇಕು, ನೆರಳು ಎತ್ತ ಬೀಳಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಫೋನಿಗೆ ಬರುವುದು ಚಿತ್ರ ಮತ್ತು ಧ್ವನಿ ಮಾತ್ರ. ಫೋನಿನಿಂದ ಹೋಗುವುದು ಬೆರಳು ಒತ್ತಿದ ಗುಂಡಿಯ ಸುದ್ದಿ ಮಾತ್ರ. ಆದ್ದರಿಂದ ಅಜ್ಜಿಯ ಪ್ರಶ್ನೆಗೆ ಉತ್ತರ ಸರಳವಾಗಿದೆ: ಆಟ ಪೆಟ್ಟಿಗೆಯಲ್ಲಿದೆ, ಫೋನು ಅದರ ಕಿಟಕಿ. ಈ ಕಾರಣದಿಂದಲೇ ಸಾಧಾರಣ ಫೋನಿನಲ್ಲಿಯೂ ಭಾರಿ ಆಟವನ್ನು ಆಡಲು ಸಾಧ್ಯವಾಗುತ್ತದೆ. ಒಂದೇ ಟಿವಿ ಇರುವ ಮನೆಯಲ್ಲಿ ಒಬ್ಬರು ಧಾರಾವಾಹಿ ನೋಡುವಾಗ ಇನ್ನೊಬ್ಬರು ಆಡುವುದಕ್ಕೂ ದಾರಿಯಾಗುತ್ತದೆ.

ಕಾಲುವೆಯ ಅಗಲ

ಚಿತ್ರಗಳ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕೋಣ. 1920 ಅಡ್ಡ ಮತ್ತು 1080 ಉದ್ದ ಚುಕ್ಕೆಗಳುಳ್ಳ ಚಿತ್ರವನ್ನು ಸೆಕೆಂಡಿಗೆ 60ರಂತೆ ಇದ್ದ ಹಾಗೆಯೇ ಕಳುಹಿಸಬೇಕಾದರೆ ಸೆಕೆಂಡಿಗೆ ಸುಮಾರು 3000 ಮೆಗಾಬಿಟ್ ಬೇಕು. ಮನೆಯ ಸಂಪರ್ಕಗಳಿಗೆ ಇದು ನಿಲುಕುವ ಮಾತಲ್ಲ. ಆದ್ದರಿಂದ ಕನ್ಸೋಲು ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಮುಖ್ಯವಾಗಿ ಆರಿಸಿ, ಒತ್ತಿ, ಅಡಕಮಾಡಿ ಕಳುಹಿಸುತ್ತದೆ. ಪ್ಲೇಸ್ಟೇಷನ್ನಿನ ರಿಮೋಟ್ ಪ್ಲೇಗೆ ಕನಿಷ್ಠ 5, ಉತ್ತಮ ಅನುಭವಕ್ಕೆ 15 ಮೆಗಾಬಿಟ್ ವೇಗ ಬೇಕೆಂದು ಅದರ ತಯಾರಕರು ಹೇಳುತ್ತಾರೆ. ಎಂದರೆ ಮೂಲದ ಸುಮಾರು ಇನ್ನೂರರಲ್ಲಿ ಒಂದು ಪಾಲಿನಲ್ಲಿ ಆಟ ಹರಿಯುತ್ತದೆ.

ಈ ಲೆಕ್ಕಕ್ಕೆ ಹಣದ ಮುಖವೂ ಇದೆ. 15 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಆಡಿದರೆ ಸುಮಾರು 6.75 ಗಿಗಾಬೈಟ್ ಡೇಟಾ ಖರ್ಚಾಗುತ್ತದೆ. 5 ಮೆಗಾಬಿಟ್ಟಿನಲ್ಲಿ ಸುಮಾರು 2.25 ಗಿಗಾಬೈಟ್. ದಿನಕ್ಕೆ 2 ಗಿಗಾಬೈಟಿನ ಯೋಜನೆಯಲ್ಲಿರುವ ವಿದ್ಯಾರ್ಥಿಯು ಮೊಬೈಲ್ ಡೇಟಾದಲ್ಲಿ ಉತ್ತಮ ಗುಣಮಟ್ಟದಿಂದ ಆಡಿದರೆ ಹದಿನೆಂಟು ನಿಮಿಷಕ್ಕೆ ಅಂದಿನ ಪಾಲು ಮುಗಿಯುತ್ತದೆ. ಮನೆಯೊಳಗಿನ ವೈಫೈಯಲ್ಲಿ ಈ ಖರ್ಚಿಲ್ಲ. ಅಲ್ಲಿ ಚಿತ್ರವು ಕನ್ಸೋಲಿನಿಂದ ರೂಟರಿಗೆ, ರೂಟರಿನಿಂದ ಫೋನಿಗೆ ಹರಿಯುವುದೇ ಹೊರತು ಹೊರಗಿನ ಅಂತರಜಾಲಕ್ಕೆ ಹೋಗಿಬರಬೇಕಾಗಿಲ್ಲ.

ಜಲಾಶಯವಿಲ್ಲದ ಹರಿವು

ಅಗಲವಾದ ಕಾಲುವೆಯೊಂದಿದ್ದರೆ ಸಾಕೇ? ಸಾಲದು. ಇಲ್ಲಿಯೇ ಈ ತಂತ್ರಜ್ಞಾನದ ಮರ್ಮವಿದೆ.

ಫೋನಿನಲ್ಲಿ ಸಿನಿಮಾ ನೋಡುವಾಗಲೂ ಚಿತ್ರಗಳು ಹರಿದೇ ಬರುತ್ತವೆ. ಆದರೆ ಫೋನು ಮುಂದಿನ ಕೆಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತರಿಸಿ ಕೂಡಿಟ್ಟುಕೊಂಡಿರುತ್ತದೆ. ಪೆರಿಯಾರಿನ ನೀರು ಇಳಿದುಬಂದು ಸೇರುವ ವೈಗೈ ನದಿಗೆ ಆಂಡಿಪಟ್ಟಿಯ ಸಮೀಪದಲ್ಲಿ 1959ರಲ್ಲಿ ಸಿದ್ಧವಾದ ಅಣೆಕಟ್ಟೊಂದಿದೆ. ಮೇಲಿನ ಹರಿವು ನಾಲ್ಕು ದಿನ ಕುಂದಿದರೂ ಅಲ್ಲಿ ನಿಂತ ನೀರು ಕೆಳಗಿನ ಬಯಲನ್ನು ಕಾಯುತ್ತದೆ. ಸಿನಿಮಾಕ್ಕೆ ಇಂಥ ಸಂಗ್ರಹವಿದೆ. ಆದ್ದರಿಂದ ಸಂಪರ್ಕವು ಕ್ಷಣಕಾಲ ತಡವರಿಸಿದರೆ ನೋಡುವವನಿಗೆ ಗೊತ್ತೇ ಆಗುವುದಿಲ್ಲ.

ಆಟಕ್ಕೆ ಇದು ಸಾಧ್ಯವಿಲ್ಲ. ಸಿನಿಮಾದ ಮುಂದಿನ ದೃಶ್ಯ ಈಗಾಗಲೇ ಚಿತ್ರೀಕರಣಗೊಂಡಿದೆ; ಆಟದ ಮುಂದಿನ ದೃಶ್ಯ ಇನ್ನೂ ಹುಟ್ಟಿಯೇ ಇಲ್ಲ. ಆಟಗಾರನು ಯಾವ ಗುಂಡಿಯನ್ನು ಒತ್ತುತ್ತಾನೆ ಎಂಬುದರ ಮೇಲೆ ಅದು ಹುಟ್ಟಬೇಕು. ಹುಟ್ಟದ ನೀರನ್ನು ಕಟ್ಟೆಹಾಕಿ ನಿಲ್ಲಿಸುವುದು ಹೇಗೆ? ಹೀಗಾಗಿ ಆಟದಲ್ಲಿ ಹರಿವಿನ ಪ್ರಮಾಣಕ್ಕಿಂತ ಹೋಗಿಬರುವ ಕಾಲ ಮುಖ್ಯವಾಗುತ್ತದೆ. ಈ ಕಾಲಕ್ಕೆ ಇಂಗ್ಲಿಷಿನಲ್ಲಿ 'ಲೇಟೆನ್ಸಿ' ಎನ್ನುತ್ತಾರೆ. ಕನ್ನಡದಲ್ಲಿ 'ತಡ' ಎಂದರೆ ಸಾಕು.

ತಡ ಎಲ್ಲೆಲ್ಲಿ ಸೇರಿಕೊಳ್ಳುತ್ತದೆ? ಬೆರಳಿನ ಒತ್ತು ಕಂಟ್ರೋಲರಿನಿಂದ ಫೋನಿಗೆ, ಫೋನಿನಿಂದ ರೂಟರಿಗೆ, ಅಲ್ಲಿಂದ ಕನ್ಸೋಲಿಗೆ ಹೋಗಬೇಕು. ಕನ್ಸೋಲು ಚಿತ್ರವನ್ನು ರಚಿಸಿ ಅಡಕಮಾಡಬೇಕು. ಆ ಚಿತ್ರ ಅದೇ ದಾರಿಯಲ್ಲಿ ಹಿಂದಿರುಗಿ ಫೋನಿನಲ್ಲಿ ಬಿಚ್ಚಿಕೊಂಡು ಪರದೆಯ ಮೇಲೆ ಮೂಡಬೇಕು. ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ಒಂದು ಚಿತ್ರದ ಆಯುಷ್ಯ 16.7 ಮಿಲಿಸೆಕೆಂಡ್. ಒಟ್ಟು ತಡ 100 ಮಿಲಿಸೆಕೆಂಡ್ ಆದರೆ ಆಟಗಾರನು ಆರು ಚಿತ್ರಗಳಷ್ಟು ಹಿಂದೆ ಬಿದ್ದಿರುತ್ತಾನೆ. ಕ್ರಿಕೆಟಿನಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು 20 ಮೀಟರ್ ದೂರವನ್ನು ಸುಮಾರು ಅರ್ಧ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅದೇ ವೇಗವನ್ನು ಅನುಕರಿಸುವ ಆಟದಲ್ಲಿ 100 ಮಿಲಿಸೆಕೆಂಡ್ ಕಳೆದುಕೊಂಡವನು ಬ್ಯಾಟು ಬೀಸುವ ಅವಕಾಶದ ಐದನೆಯ ಒಂದು ಪಾಲನ್ನು ಕಳೆದುಕೊಂಡಂತೆ. ಚದುರಂಗದಲ್ಲಿ ಇದು ಲೆಕ್ಕಕ್ಕಿಲ್ಲ. ಕ್ರಿಕೆಟಿನಲ್ಲಿ ಇದೇ ವಿಕೆಟು.

ದೂರವೇ ತಡಕ್ಕೆ ಕಾರಣವೆಂದು ಮೇಲುನೋಟಕ್ಕೆ ತೋರುತ್ತದೆ. ಲೆಕ್ಕ ಬೇರೆಯದನ್ನು ಹೇಳುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಕಂಬದ ಮನೆಯಲ್ಲಿ ಕನ್ಸೋಲು, ಬೆಂಗಳೂರಿನ ಕೋಣೆಯಲ್ಲಿ ಫೋನು ಇದ್ದು, ನಡುವಣ ತಂತಿ 500 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿಬರಲು ಬೆಳಕಿಗೆ 5 ಮಿಲಿಸೆಕೆಂಡ್ ಸಾಕು. ತಂತಿಯು ನೇರವಾಗಿರದೆ ಸುತ್ತಿ ಬಳಸಿ ಹೋದರೂ ಇದು ಕೆಲವು ಪಾಲು ಹೆಚ್ಚಾದೀತಷ್ಟೆ. ಹೆಚ್ಚಿನ ತಡ ಸೇರುವುದು ದಾರಿಯ ಕೂಡುಗಳಲ್ಲಿ, ಒಂದೇ ವೈಫೈಗೆ ಹತ್ತು ಸಾಧನಗಳು ಸರದಿ ನಿಂತಾಗ, ಗೋಡೆಗಳಾಚೆ ಸಂಕೇತ ಸೊರಗಿದಾಗ. ಇನ್ನೊಂದು ಮಾತು: ದೂರದಿಂದ ಆಡುವಾಗ ಮನೆಯ ಕನ್ಸೋಲು ಚಿತ್ರವನ್ನು ಹೊರಗೆ ಕಳುಹಿಸಬೇಕು. ಆದ್ದರಿಂದ ಅಲ್ಲಿ ಇಳಿಕೆಯ ವೇಗವಲ್ಲ, ಏರಿಕೆಯ ವೇಗ, ಎಂದರೆ ಅಪ್‌ಲೋಡ್ ವೇಗ, ನಿರ್ಣಾಯಕ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಇಳಿಕೆಯ ವೇಗ.

ಬೀಗ ಮತ್ತು ಕೀಲಿ

ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಆಡಬಹುದಾದರೂ ಕನ್ಸೋಲಿನ ಆಟಗಳು ರೂಪುಗೊಂಡಿರುವುದು ಕಂಟ್ರೋಲರಿಗಾಗಿ. ಅದನ್ನು ಬ್ಲೂಟೂತ್ ಮೂಲಕ ಫೋನಿಗೆ ಸೇರಿಸುವುದನ್ನು 'ಪೇರಿಂಗ್' ಎನ್ನುತ್ತಾರೆ. ನಾವು ಜೋಡಣೆ ಎನ್ನಬಹುದು. ಬ್ಲೂಟೂತ್ ಎಂಬ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ 'ನೀಲಿ ಹಲ್ಲು' ಎಂಬ ಅಡ್ಡಹೆಸರಿನಿಂದ ಬಂದದ್ದು.

ಜೋಡಣೆಯನ್ನು ಅರಿಯಲು ದಿಂಡಿಗಲ್ಲಿಗೆ ಹೋಗೋಣ. ಅಲ್ಲಿನ ಕೈಕಸುಬಿನ ಬೀಗಗಳು ಹೆಸರಾದವು. 2019ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಲ್ಲಿ ಕುಶಲಕರ್ಮಿಯು ಬೀಗವನ್ನೂ ಕೀಲಿಯನ್ನೂ ಮಾಡಿ ನಮ್ಮ ಕೈಗೆ ಕೊಡುತ್ತಾನೆ. ಬ್ಲೂಟೂತ್ ಜೋಡಣೆಯಲ್ಲಿ ಮೂರನೆಯವನಿಲ್ಲ. ಫೋನು ಮತ್ತು ಕಂಟ್ರೋಲರ್ ಎರಡೂ ಬಯಲಿನಲ್ಲಿಯೇ ಕೆಲವು ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು, ತಂತಮ್ಮೊಳಗೆ ಲೆಕ್ಕ ಮಾಡಿ, ಒಂದೇ ಗುಟ್ಟಿನ ಸಂಖ್ಯೆಯನ್ನು ತಲುಪುತ್ತವೆ. ಆ ಗುಟ್ಟು ಗಾಳಿಯಲ್ಲಿ ಪ್ರಯಾಣಿಸುವುದೇ ಇಲ್ಲ. ಎರಡೂ ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತವೆ. ಮುಂದಿನ ಸಲ ಗುಂಡಿ ಒತ್ತಿದೊಡನೆ ಪರಸ್ಪರ ಗುರುತಿಸುತ್ತವೆ.

ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಕಂಟ್ರೋಲರಿನಲ್ಲಿ ಕ್ರಿಯೇಟ್ ಮತ್ತು ಪಿಎಸ್ ಗುಂಡಿಗಳನ್ನು, ಹಿಂದಿನ ಡ್ಯುಯಲ್‌ಶಾಕ್ 4ರಲ್ಲಿ ಶೇರ್ ಮತ್ತು ಪಿಎಸ್ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದರೆ ದೀಪ ಮಿನುಗುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಜೋಡಣೆಗೆಂದೇ ಇರುವ ಸಣ್ಣ ಗುಂಡಿಯನ್ನು ಮೂರು ಸೆಕೆಂಡು ಒತ್ತಬೇಕು. ಬ್ಲೂಟೂತ್ ಇಲ್ಲದ ಹಳೆಯ ಮಾದರಿಗಳಲ್ಲಿ ಇದು ಫಲಿಸದು. ಮಿನುಗು ಎಂದರೆ 'ಕೀಲಿ ಮಾಡಿಕೊಳ್ಳಲು ಸಿದ್ಧ' ಎಂಬ ಸೂಚನೆ. ಆಗ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾಣುವ ಹೆಸರನ್ನು ಮುಟ್ಟಿದರೆ ಜೋಡಣೆ ಮುಗಿಯಿತು. ಡ್ಯುಯಲ್‌ಸೆನ್ಸ್ ಬಳಸಿ ರಿಮೋಟ್ ಪ್ಲೇ ಆಡಲು ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಬೇಕೆಂಬುದನ್ನು ಮರೆಯಬಾರದು. ಫೋನಿಗೆ ಜೋಡಿಸಿದ ಕಂಟ್ರೋಲರ್ ಆಮೇಲೆ ಕನ್ಸೋಲಿನ ಕರೆಗೆ ಓಗೊಡದಿದ್ದರೆ ಕೆಟ್ಟಿತೆಂದು ಹೆದರಬೇಕಾಗಿಲ್ಲ. ಯುಎಸ್‌ಬಿ ತಂತಿಯಿಂದ ಕನ್ಸೋಲಿಗೆ ಸೇರಿಸಿ ಪಿಎಸ್ ಗುಂಡಿಯನ್ನು ಒತ್ತಿದರೆ ಹಳೆಯ ನಂಟು ಮರಳುತ್ತದೆ.

ಬ್ಲೂಟೂತ್ ಚಲಿಸುವುದು 2.4 ಗಿಗಾಹರ್ಟ್ಸ್ ಅಲೆಪಟ್ಟಿಯಲ್ಲಿ. ವೈಫೈಯೂ ಅದೇ ಪಟ್ಟಿಯನ್ನು ಬಳಸಬಲ್ಲದು. ಚಿತ್ರದ ದೊಡ್ಡ ಹರಿವು ಮತ್ತು ಗುಂಡಿಯ ಸಣ್ಣ ಸುದ್ದಿ ಎರಡೂ ಒಂದೇ ಕಾಲುವೆಗೆ ನುಗ್ಗಿದರೆ ಸಣ್ಣದು ತಡವಾಗುತ್ತದೆ. ಫೋನನ್ನು ರೂಟರಿನ 5 ಗಿಗಾಹರ್ಟ್ಸ್ ಪಟ್ಟಿಗೆ ಸೇರಿಸಿದರೆ ಎರಡಕ್ಕೂ ಬೇರೆಬೇರೆ ಕಾಲುವೆ ದೊರೆತಂತಾಗುತ್ತದೆ.

ಕ್ರಮ

ಹೀಗೆ ಕಾರಣಗಳು ತಿಳಿದ ಮೇಲೆ ಕ್ರಮವು ತಾನಾಗಿ ಹೊಳೆಯುತ್ತದೆ. ಮೊದಲು ಕನ್ಸೋಲನ್ನು ತಂತಿಯಿಂದಲೇ ರೂಟರಿಗೆ ಸೇರಿಸಬೇಕು. ಹರಿವಿನ ಅರ್ಧ ದಾರಿ ಗಾಳಿಯ ಹಂಗಿನಿಂದ ಬಿಡುಗಡೆ ಹೊಂದುತ್ತದೆ. ಬಳಿಕ ಕನ್ಸೋಲಿನ ವ್ಯವಸ್ಥೆಯಲ್ಲಿ ರಿಮೋಟ್ ಪ್ಲೇಯನ್ನು ಸಕ್ರಿಯಗೊಳಿಸಿ, ವಿಶ್ರಾಂತಿಯ ಸ್ಥಿತಿಯಲ್ಲಿಯೂ ಜಾಲಕ್ಕೆ ಓಗೊಡುವಂತೆ ಅನುಮತಿ ಕೊಡಬೇಕು. ಫೋನಿನ ಆ್ಯಪಿನಲ್ಲಿ ಕನ್ಸೋಲಿನ ಖಾತೆಯಿಂದಲೇ ಪ್ರವೇಶಿಸಬೇಕು. ಗೆಳೆಯರಿಗೆ ಖಾತೆಯ ಗುಪ್ತಪದ ಹಂಚುವುದು ಮನೆಯ ಕೀಲಿಯನ್ನೇ ಹಂಚಿದಂತೆ. ಮೊದಲ ಪರೀಕ್ಷೆ ಮನೆಯೊಳಗೇ ನಡೆಯಲಿ. ಅಲ್ಲಿ ಚಿತ್ರ ಒಡೆದರೆ 1080ರಿಂದ 720ಕ್ಕೆ ಇಳಿಸಿ ನೋಡಬೇಕು. ಮನೆಯೊಳಗೆ ಸರಾಗವಾದದ್ದು ಹೊರಗೆ ಕೆಟ್ಟರೆ ದೋಷ ಹೊರಗಿನ ದಾರಿಯದು ಅಥವಾ ಮನೆಯ ಏರಿಕೆಯ ವೇಗದ್ದು. ಹೊಸ ಕಂಟ್ರೋಲರ್ ಕೊಂಡರೆ ಅದು ಸರಿಹೋಗುವುದಿಲ್ಲ. ಸಾವಿರಾರು ರೂಪಾಯಿ ತೆರುವ ಮೊದಲು ಈ ಪರೀಕ್ಷೆ ಮಾಡಿಕೊಳ್ಳುವುದು ಜಾಣತನ. ಊರಿನಲ್ಲಿ ಕರೆಂಟು ಹೋಗಿಬಂದರೆ ಕನ್ಸೋಲು ಪೂರ್ತಿ ಆರಿರುತ್ತದೆ. ಆಗ ಮನೆಯಲ್ಲಿರುವವರೊಬ್ಬರು ಗುಂಡಿ ಒತ್ತದೆ ಬೇರೆ ಉಪಾಯವಿಲ್ಲ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಕನ್ಸೋಲ್, ರೂಟರ್, ಬ್ಲೂಟೂತ್ ಎಂಬ ವಸ್ತುನಾಮಗಳನ್ನು ಈ ಲೇಖನ ಹಾಗೆಯೇ ಎರವಲು ಪಡೆದಿದೆ. ಅವು ವಸ್ತುವಿನೊಡನೆಯೇ ಬಂದವು, ಅವಕ್ಕೆ ಸಂಸ್ಕೃತದ ಉಡುಪು ತೊಡಿಸಿದರೆ ಯಾರಿಗೂ ಲಾಭವಿಲ್ಲ. ಆದರೆ ವಸ್ತುವು ಮಾಡುವ ಕೆಲಸವನ್ನು ಹೇಳಲು ಹರಿವು, ತಡ, ಅಡಕ, ಸರದಿ, ಜೋಡಣೆ, ಗುಟ್ಟು ಎಂಬ ಮನೆಮಾತುಗಳೇ ಸಾಕಾದವು. ನುಡಿಯ ಕಸುವನ್ನು ಅಳೆಯಬೇಕಾದದ್ದು ನಾಮಪದಗಳಲ್ಲಿ ಅಲ್ಲ, ಕಾರ್ಯಕಾರಣವನ್ನು ಹೇಳಬಲ್ಲ ಅದರ ಶಕ್ತಿಯಲ್ಲಿ. ಕನ್ನಡ ಲಿಪಿಯನ್ನು ಶಾಲೆಯಲ್ಲಿ ಕಲಿಯದ ಕಂಬಂ ಕಣಿವೆಯ ಕನ್ನಡಿಗನಲ್ಲಿಯೂ ಆ ಶಕ್ತಿಯಿದೆ; ಏಕೆಂದರೆ ನೀರು, ತೂಬು, ಕಾಲುವೆಗಳ ತಿಳಿವು ಅವನ ಬದುಕಿನಲ್ಲಿದೆ. ಮುಂದಿನ ತರಗತಿಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಫೋನು ಮಾಡುವ ಒಂದು ಕೆಲಸವನ್ನು ಆರಿಸಿ, ಹಿರಿಯರೊಬ್ಬರಿಗೆ ಅರ್ಥವಾಗುವಂತೆ ಒಂದು ಪುಟದಲ್ಲಿ ಬರೆದು ತರಬಹುದು. ಎಲ್ಲಿ ಲೇಖನಿ ನಿಲ್ಲುತ್ತದೆಯೋ ಅಲ್ಲಿ ಕೊರತೆ ಪದದ್ದೋ ತಿಳಿವಳಿಕೆಯದ್ದೋ ಎಂಬುದನ್ನು ಒಟ್ಟಿಗೆ ಕುಳಿತು ಚರ್ಚಿಸೋಣ.