ಮೊದಲು ನೀರು, ಆಮೇಲೆ ಊರು

ಮಾಕಳಿಯಲ್ಲಿ ತುಮಕೂರು ರಸ್ತೆ ಪಕ್ಕ ಐದು ನಿಮಿಷ ನಿಂತು ನೋಡಿ. ಲಾರಿ ಹಿಂದೆ ಲಾರಿ. ಗೋಡೌನು, ಅದರ ಹಿಂದೆ ಲೇಔಟು. ರಾಗಿ ಬೆಳೀತಿದ್ದ ಹೊಲಕ್ಕೆ ಈಗ ಚದರಡಿ ಲೆಕ್ಕದಲ್ಲಿ ಬೆಲೆ. ರಸ್ತೆ ಬಂದ್ರೆ ಊರು ಬೆಳೆಯುತ್ತೆ ಅಂತ ನಾವೆಲ್ಲ ನಂಬಿದ್ದೀವಿ. ಆದರೆ ಒಂದು ಕಾಲಕ್ಕೆ ಈ ಕೆಲಸ ಮಾಡಿದ್ದು ಕಾಲುವೆ. ಅದು ಹೇಗೆ ಅಂತ ತಿಳೀಬೇಕಾದ್ರೆ ಮಂಡ್ಯ ನೋಡಬೇಕು.

ಬೆಂಗಳೂರು–ಮೈಸೂರು ರೈಲು 1880ರ ದಶಕದ ಆರಂಭದಲ್ಲೇ ಮಂಡ್ಯದ ಮೇಲೆ ಓಡಿತು. ಆದರೂ ಮುಂದಿನ ಐವತ್ತು ವರ್ಷ ಮಂಡ್ಯ ಸಣ್ಣ ಊರಾಗಿಯೇ ಉಳೀತು. ಯಾಕೆ ಹೇಳಿ? ಸಾಗಿಸೋ ದಾರಿ ಇತ್ತು, ಸಾಗಿಸೋಕೆ ಬೇಕಾದಷ್ಟು ಬೆಳೆ ಇರಲಿಲ್ಲ. ಕಾವೇರಿ ಬಯಲಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದಲೂ ನಾಲೆಗಳಿದ್ದವು, ನಿಜ. ಆದರೆ ಆ ನೀರು ನದಿಯ ಆಸುಪಾಸಿನ ಗದ್ದೆಗಳಿಗೆ ಸಿಗ್ತಿತ್ತು. ದೂರದ ಹೊಲಗಳು ಮಳೆಯನ್ನೇ ನಂಬಿದ್ದವು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯ್ತು. ಅಲ್ಲಿಂದ ಹೊರಟ ದೊಡ್ಡ ನಾಲೆಗೆ ವೈಸ್‌ರಾಯ್ ಇರ್ವಿನ್ ಹೆಸರಿಟ್ಟರು. ಇವತ್ತು ಅದೇ ವಿಶ್ವೇಶ್ವರಯ್ಯ ನಾಲೆ. ಅಡ್ಡ ಬಂದ ಏರು ನೆಲವನ್ನು ಹುಲಿಕೆರೆ ಹತ್ತಿರ ಸುರಂಗ ಕೊರೆದು ದಾಟಿಸಿದರು. ಕಬ್ಬು ಬಂತು. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಸಕ್ಕರೆ ಅಂಶ ಇಳಿದುಹೋಗುತ್ತೆ, ಹಾಗಾಗಿ ಕಾರ್ಖಾನೆ ಗದ್ದೆ ಹತ್ತಿರವೇ ಇರಬೇಕು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಇದಕ್ಕಾಗಿ ದುಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಶುರುವಾಯ್ತು. ಕೂಲಿಯವರು ಬಂದರು, ವ್ಯಾಪಾರಿಗಳು ಬಂದರು. ಸುಮ್ಮನೆ ಹಾದುಹೋಗ್ತಿದ್ದ ರೈಲಿಗೂ ಸರಕು ಸಿಕ್ಕಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯ್ತು.

ಅಮೆರಿಕದ ನ್ಯೂಯಾರ್ಕಿನಲ್ಲಿ 1825ರಲ್ಲಿ ತೆರೆದ ಈರಿ ಕಾಲುವೆ ಬೇರೆ ಥರ. ಸುಮಾರು 584 ಕಿಲೋಮೀಟರ್ ಉದ್ದ; ಅದರಲ್ಲಿ ಓಡಿದ್ದು ದೋಣಿ. ಸಾಗಣೆ ಖರ್ಚು ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿದು, ಒಳನಾಡಿಗೆ ಜನ ಹರಿದುಬಂದರು. ಅಲ್ಲಿ ಕಾಲುವೆ ಸರಕು ಸಾಗಿಸಿತು, ಇಲ್ಲಿ ಸರಕು ಬೆಳೆಸಿತು. ಎರಡೂ ಕಡೆ ಊರುಗಳು ಎದ್ದವು.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕಲ್ಲ? ಈರಿ ಕಾಲುವೆ ಸಾಗಿದ್ದು ಅಲ್ಲಿನ ಮೂಲನಿವಾಸಿಗಳು ಕಳಕೊಂಡ ನೆಲದ ಮೇಲೆ. ಇಲ್ಲಿ ಹಳೇ ಕನ್ನಂಬಾಡಿ ಊರು ನೀರಲ್ಲಿ ಮುಳುಗಿತು, ಜನ ಗಂಟುಮೂಟೆ ಕಟ್ಟಿದರು. ಇವತ್ತಿಗೂ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆ ರೈತರು ನೀರು ತಲುಪಲಿಲ್ಲ ಅಂತ ರಸ್ತೆಗಿಳೀತಾರೆ. ಆ ಸುದ್ದಿಯನ್ನು ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ.

ಅದಕ್ಕೇ ಮಾಕಳಿಯಂಥ ಕಡೆ ಹೊಸ ರಸ್ತೆ, ಹೊಸ ಯೋಜನೆ ಅಂತ ಸುದ್ದಿ ಓದುವಾಗ ನನಗೆ ಎರಡು ಪ್ರಶ್ನೆ ಏಳುತ್ತವೆ. ಇದಕ್ಕೆ ಜಾಗ ಬಿಟ್ಟವರು ಎಲ್ಲಿ ಹೋದರು? ಇದರ ಲಾಭ ಕೊನೆಯವನಿಗೂ ತಲುಪುತ್ತಾ? ಈ ಎರಡನ್ನು ನೀವೂ ಕೇಳಿ. ನಾವು ಕೇಳದೇ ಇದ್ರೆ ಯಾರೂ ಉತ್ತರ ಕೊಡಲ್ಲ.