ಗುಳೆ ಹೋಗುವವರು, ಗುಳೆ ಬಂದವರು



ಕ್ರಿಸ್ತಜಯಂತಿಯ ಬೆನ್ನಿಗೇ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಹೆರೋದನಿಗೆ ಅಂಜಿ ಹಸುಗೂಸಿನೊಡನೆ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಕುಟುಂಬವದು. 1952ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ವಲಸಿಗರ ಕುರಿತು ಹೊರಡಿಸಿದ ಪತ್ರದಲ್ಲಿ ಈ ಕುಟುಂಬವನ್ನೇ ಎಲ್ಲ ವಲಸಿಗರಿಗೂ ಮಾದರಿಯಾಗಿ ತೋರಿಸಿದರು. ಹಾಗಿದ್ದರೂ 'ಎಲ್ಲಿಂದಲೋ ಬಂದವರು' ಎಂಬ ನಮ್ಮ ಮಾತಿನಲ್ಲಿ ಒಂದಿಷ್ಟು ತಾತ್ಸಾರ ಇದ್ದೇ ಇರುತ್ತದೆ. ಜನ ಊರು ಬಿಡುವುದೇಕೆ, ಅದರಿಂದ ಆಗುವುದೇನು ಎಂಬುದನ್ನು ನಮ್ಮ ಸೀಮೆಯನ್ನೇ ಇಟ್ಟುಕೊಂಡು ನೋಡೋಣ.

ನಮ್ಮ ಕಡೆ ಇದಕ್ಕೆ ಗುಳೆ ಎನ್ನುತ್ತಾರೆ. ಸಂಡೂರು, ಕೂಡ್ಲಿಗಿಯ ಹೊಲಗಳಲ್ಲಿ ಬಹುಪಾಲು ಮಳೆಯನ್ನೇ ನಂಬಿದವು. ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ಕೂಲಿಯೂ ಇಲ್ಲ. ಆಗ ಹಳ್ಳಿ, ತಾಂಡಾಗಳ ಜನ ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಆದರೆ ಬರಗಾಲವೊಂದೇ ಕಾರಣವಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮೇಸ್ತ್ರಿಯಿಂದ ಮುಂಗಡ ಪಡೆದಿರುತ್ತಾರೆ. ಪಡೆದ ಮೇಲೆ ಮಳೆ ಚೆನ್ನಾಗಿ ಬಂದರೂ ಹೋಗಲೇಬೇಕು. ಆಸೆಬುರುಕತನದಿಂದ ಪೇಟೆ ಸೇರುತ್ತಾರೆ ಎನ್ನುವವರು ಈ ಮುಂಗಡದ ಲೆಕ್ಕವನ್ನು ಒಮ್ಮೆ ಕೇಳಿ ನೋಡಬೇಕು.

ಯಶವಂತನಗರದ ಸುತ್ತಿನ ನಾಡು ಇದರ ಎರಡು ಮುಖಗಳನ್ನೂ ಕಂಡಿದೆ. 2000ದ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರಿನ ಗುಡ್ಡಗಳಿಗೆ ಹೊರರಾಜ್ಯಗಳಿಂದಲೂ ಚಾಲಕರು, ಯಂತ್ರ ನಡೆಸುವವರು, ಕೂಲಿಗಳು ಬಂದರು. ನಮ್ಮವರೂ ಸಾಲ ಮಾಡಿ ಲಾರಿ ಕೊಂಡರು. ಕೆಂಪು ಧೂಳು ಹೊಲವನ್ನು ಮುಚ್ಚಿದರೂ ಕೈಯಲ್ಲಿ ಕಾಸು ಓಡಾಡಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅಕ್ರಮ ಅಷ್ಟು ಮಿತಿಮೀರಿತ್ತು, ಆದೇಶ ಬೇಕೇ ಇತ್ತು. ಆದರೆ ಅದರ ಭಾರ ಬಿದ್ದದ್ದು ದಿನಗೂಲಿಯವರ ಮೇಲೆ. ಬಂದವರು ಮರಳಿದರು, ಜನರನ್ನು ಬರಮಾಡಿಕೊಂಡಿದ್ದ ಊರಿನವರೇ ಕೆಲಸ ಹುಡುಕಿ ಹೊರಟರು. 2012ರ ಕೊನೆಯ ಹೊತ್ತಿಗೆ ಕೆಲವು ಗಣಿಗಳು ಮತ್ತೆ ತೆರೆದವು.

ಗುಳೆಯಿಂದ ಒಳಿತಿಲ್ಲವೆಂದಲ್ಲ. ಸಾಲ ತೀರುತ್ತದೆ, ಮನೆಗೆ ಆರ್‌ಸಿಸಿ ಬೀಳುತ್ತದೆ, ಗಾರೆ ಕೆಲಸ, ಟೈಲ್ಸ್ ಕೆಲಸ ಕಲಿತ ಹುಡುಗ ಕೂಲಿಯಾಳಾಗಿ ಉಳಿಯುವುದಿಲ್ಲ. ಕೆಡುಕು ಮಾತ್ರ ಮನೆಯಲ್ಲಿ ಉಳಿದವರ ಪಾಲಿಗೆ ಹೆಚ್ಚು. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬಳೇ. ಮಗು ಅರ್ಧ ವರ್ಷ ಶಾಲೆಯಲ್ಲಿ, ಅರ್ಧ ವರ್ಷ ಕಬ್ಬಿನ ಗದ್ದೆಯ ಗುಡಿಸಲಲ್ಲಿ. 2020ರ ಲಾಕ್‌ಡೌನಿನಲ್ಲಿ ಪಟ್ಟಣಗಳು ಈ ದುಡಿಮೆಗಾರರನ್ನು ಎಷ್ಟು ಬೇಗ ಮರೆತವೆಂಬುದನ್ನು ನಾವೆಲ್ಲ ನೋಡಿದ್ದೇವೆ.

ಊರಲ್ಲೇ ದುಡಿಮೆ ಸಿಗುವಂತೆ ಮಾಡಲು ಸಾಧ್ಯವಿಲ್ಲವೇ? ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿಯನ್ನು ನೋಡಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸೂಜಿದಾರದ ಸಂಪಾದನೆ ದೊಡ್ಡದೇನಲ್ಲ. ಆದರೆ ಅದಕ್ಕಾಗಿ ಮನೆಗೆ ಬೀಗ ಹಾಕಬೇಕಿಲ್ಲ.

ಹೋಗಲೇಬೇಕಾದವರಿಗೂ, ನಮ್ಮ ಧರ್ಮಕೇಂದ್ರಗಳ ಸುತ್ತ ಬಂದು ನೆಲೆಸಿದವರಿಗೂ ಎರಡು ಸಂಗತಿ ತಿಳಿದಿರಬೇಕು. ಪಡಿತರವನ್ನು ಈಗ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು. ಹಾಗೆಯೇ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ವಾಪಸ್ಸು ಕಳಿಸುವಂತಿಲ್ಲ. ಪಕ್ಕದ ಶೆಡ್ಡಿನಲ್ಲಿರುವ ತಾಯಿಗೆ ಇದು ಗೊತ್ತಿಲ್ಲದಿದ್ದರೆ, ನಮ್ಮಲ್ಲಿ ಯಾರಾದರೊಬ್ಬರು ಆಕೆಯೊಡನೆ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ ಬರಬಹುದು.